ದಂಡಿನ ಮಕ್ಕಳ ಶಾಲೆಯನ್ನು ಮರೆತ ನಾವು

ತುಂಬು ಜೀವನ ನಡೆಸಿದ ಕ್ರೈಸ್ತ ಸ್ತ್ರೀಯೊಬ್ಬರು ಕರ್ತನಲ್ಲಿ ನಿದ್ರಿಸಿದಾಗ ನಮ್ಮ ಸಭೆಗಳಲ್ಲಿ ಓದಲಾಗುವ ಜೀವನಚರಿತ್ರೆಯ ನಮೂನೆ ಎಲ್ಲರಿಗೂ ಬಾಯಿಪಾಠವಾಗಿದೆ. ಇಂಥವರ ಮಗಳಾಗಿ ಜನಿಸಿದರು. ಇಂಥ ಇಸವಿಯಲ್ಲಿ ಇಂಥವರ ಧರ್ಮಪತ್ನಿಯಾದರು. ಪತಿಯವರು ಇಂಥಿಂಥ ಹುದ್ದೆಗಳಲ್ಲಿದ್ದು ನಿವೃತ್ತರಾದರು. ಮಕ್ಕಳಿಷ್ಟು, ಮೊಮ್ಮಕ್ಕಳಿಷ್ಟು, ಅವರಲ್ಲಿ ವಿದೇಶದಲ್ಲಿರುವವರು ಇಷ್ಟು. ನಡುವಿನ ಐವತ್ತು ಅರವತ್ತು ವರ್ಷಗಳ ಬದುಕು, ಮೃತರು ದೈವಭಕ್ತರೂ ಮೃದುಸ್ವಭಾವದವರೂ ಆಗಿದ್ದರೆಂಬ ಒಂದೇ ವಾಕ್ಯದಲ್ಲಿ ಅಡಗಿಹೋಗುತ್ತದೆ. ಆ ಬಳಿಕ ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ಓದುತ್ತಾರೆ.

ವಿಚಿತ್ರವೆಂದರೆ, ಆ ಅಧ್ಯಾಯವನ್ನು ಓದುವವರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಅಲ್ಲಿ ಗಂಡನ ಪ್ರಸ್ತಾಪ ಎರಡು ಮೂರು ಕಡೆ ಬಂದು ಹೋಗುತ್ತದೆ, ಅಷ್ಟೇ. ಅವನು ಊರಬಾಗಿಲಲ್ಲಿ ಹಿರಿಯರೊಡನೆ ಕುಳಿತಿರುತ್ತಾನೆ. ಉಳಿದುದೆಲ್ಲ ಆ ಸ್ತ್ರೀ ಮಾಡಿದ ಕೆಲಸದ ಪಟ್ಟಿ: ಉಣ್ಣೆ, ನೂಲು, ಕೊಂಡ ಹೊಲ, ನೆಟ್ಟ ತೋಟ, ನಡೆಸಿದ ವ್ಯಾಪಾರ, ಬಡವರಿಗೆ ಚಾಚಿದ ಕೈ. ಪವಿತ್ರ ಗ್ರಂಥ ಇಷ್ಟು ವಿವರವಾಗಿ ಲೆಕ್ಕ ಕೊಟ್ಟಿರುವಾಗ ನಾವೇಕೆ ಇಷ್ಟು ಜಿಪುಣರಾಗಿದ್ದೇವೆ? ಈ ಪ್ರಶ್ನೆಯನ್ನು ಒಬ್ಬ ಆಂಗ್ಲ ಸ್ತ್ರೀಯ ಬಾಳಿನ ನೆಪದಲ್ಲಿ ಇಲ್ಲಿ ಎತ್ತಬಯಸುತ್ತೇನೆ. ಆಕೆ ಸೈನಿಕ ಅಧಿಕಾರಿಯ ಪತ್ನಿ, ಹಲವು ಮಕ್ಕಳ ತಾಯಿ, 76 ವರ್ಷ ಬಾಳಿದವರು. ಆಕೆಯನ್ನು ಸ್ಮರಿಸುವಾಗ ಜಗತ್ತಿನ ಕ್ರೈಸ್ತರು ಮಾಡಿದ ತಪ್ಪು ನಮ್ಮ ಸಭೆಗಳ ತಪ್ಪೂ ಆಗಿದೆ.

ಮೊದಲು ನಮ್ಮ ನೆರೆಯ ಮಾತು. ಕನ್ನೊಳ್ಳಿ, ಸಿಂದಗಿಯ ಕಡೆಯವರಿಗೆ ಸುರಪುರ ದೂರದ ಊರಲ್ಲ. ಅಲ್ಲಿಯ ಟೇಲರ್ ಮಂಜಿಲ್ ಎಂಬ ಕಟ್ಟಡವನ್ನು ನೋಡದವರೂ ಅದರ ಹೆಸರನ್ನು ಕೇಳಿರುತ್ತಾರೆ. ನಿಜಾಮರ ಸೈನ್ಯದ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ ಹನ್ನೆರಡು ವರ್ಷ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡರು. ನಮ್ಮ ವಿಜಯಪುರದ ಚಾಂದಬೀಬಿಯ ಮೇಲೂ ಕಾದಂಬರಿ ಬರೆದರು. 1877ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಟೇಲರರ ಗುಣಗಾನ ಮಾಡುವ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ಅವರ ಪತ್ನಿ ಮೇರಿ ಪಾಮರ್ ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರರ ಮಗಳು, ಆಂಗ್ಲ ಮತ್ತು ಭಾರತೀಯ ರಕ್ತಗಳೆರಡೂ ಬೆರೆತ ಮನೆತನದವರು. ಆ ಭಾಷಣಗಳಲ್ಲಿ ಆಕೆಯ ಹೆಸರನ್ನು ಯಾರಾದರೂ ಕೇಳಿದ್ದುಂಟೆ? ಬೆಳಗಾವಿ, ಬಳ್ಳಾರಿ, ಬೆಂಗಳೂರಿನ ದಂಡು ಪ್ರದೇಶಗಳ ಹಳೆಯ ದೇವಾಲಯಗಳಲ್ಲೂ ಇದೇ ಕಥೆ. ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಕರ್ನಲ್‌ರ ದಂಡಯಾತ್ರೆಗಳ ಹೆಸರುಗಳೆಲ್ಲ ಇರುತ್ತವೆ. ಅದೇ ಕಲ್ಲಿನ ಕೆಳತುದಿಯಲ್ಲಿ ಅವರ ಪತ್ನಿ ಒಂದು ಸಂಬಂಧವಾಚಕ ಪದವಾಗಿ ಉಳಿದಿರುತ್ತಾರೆ.

ನಾನು ಹೇಳಹೊರಟ ಮೇರಿ ಮಾರ್ತಾ ಶೆರ್‌ವುಡ್‌ರ ಪಾಡು ಇದಕ್ಕೆ ತದ್ವಿರುದ್ಧವಾದುದು. ಅವರನ್ನು ಜಗತ್ತು ಮರೆಯಲಿಲ್ಲ. ಆದರೆ ನೆನಪಿನಲ್ಲಿ ಇಟ್ಟುಕೊಂಡುದು ಅವರ ಬಾಳಿನ ಅತ್ಯಂತ ದುರ್ಬಲ ಭಾಗವನ್ನು.

1775ರ ಮೇ 6ರಂದು ಇಂಗ್ಲೆಂಡಿನ ವುಸ್ಟರ್‌ಶೈರ್ ಪ್ರಾಂತದ ಪಾದ್ರಿಯೊಬ್ಬರ ಮನೆಯಲ್ಲಿ ಅವರು ಜನಿಸಿದರು. ತಂದೆ ಜಾರ್ಜ್ ಬಟ್, ದೊರೆ ಮೂರನೆಯ ಜಾರ್ಜರ ಆಸ್ಥಾನ ಪಾದ್ರಿಗಳಲ್ಲಿ ಒಬ್ಬರು. ಹುಡುಗಿಯ ಬೆನ್ನು ನೆಟ್ಟಗಾಗಬೇಕೆಂದು ಕೊರಳಿಗೆ ಕಬ್ಬಿಣದ ಪಟ್ಟಿ, ಬೆನ್ನಿಗೆ ಹಲಗೆ ಕಟ್ಟಿ, ನಿಂತುಕೊಂಡೇ ಪಾಠ ಒಪ್ಪಿಸುವಂತೆ ಮಾಡುತ್ತಿದ್ದರು. ಆರನೆಯ ವಯಸ್ಸಿನಿಂದ ಹದಿಮೂರರ ತನಕ ಇದು ನಡೆಯಿತು. ಸಭ್ಯ ಮನೆಗಳ ಶಿಸ್ತು ಅಂದು ಹಾಗಿತ್ತು. ಈ ಕೊರಳಪಟ್ಟಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅವರು ಬರೆದ ಪುಸ್ತಕಗಳಲ್ಲಿ ಅದೇ ಪಟ್ಟಿ ಬೇರೆ ಮಕ್ಕಳ ಕೊರಳಿಗೆ ಬಿದ್ದಿತೇನೋ ಎಂದು ನನಗೆ ಅನ್ನಿಸುವುದುಂಟು. 1803ರಲ್ಲಿ ಅವರು ತಮ್ಮ ಬಂಧುವೇ ಆದ ಕ್ಯಾಪ್ಟನ್ ಹೆನ್ರಿ ಶೆರ್‌ವುಡ್‌ರನ್ನು ವಿವಾಹವಾದರು. ಪತಿ 53ನೆಯ ಕಾಲ್ದಳದ ಅಧಿಕಾರಿ. ಮರುವರ್ಷ ಹೆಣ್ಣುಮಗು ಹುಟ್ಟಿತು. 1805ರಲ್ಲಿ ದಳಕ್ಕೆ ಭಾರತಕ್ಕೆ ಹೊರಡುವ ಆಜ್ಞೆಯಾಯಿತು. ಕೂಸನ್ನು ತನ್ನ ತಾಯಿ ಮತ್ತು ತಂಗಿಯ ಕೈಗೆ ಒಪ್ಪಿಸಿ ಆಕೆ ಗಂಡನೊಡನೆ ಹಡಗು ಹತ್ತಿದರು. ಮರಳಿ ಬಂದದ್ದು ಹನ್ನೊಂದು ವರ್ಷಗಳ ಮೇಲೆ.

ಈ ಒಂದು ಸಂಗತಿಯ ಮುಂದೆ ಎರಡು ಬಗೆಯ ಜನ ಎಡವುತ್ತಾರೆ. ಕೂಸನ್ನು ಬಿಟ್ಟು ಬಂದ ತ್ಯಾಗಮಯಿ ಎಂದು ಹೊಗಳುವವರು ಒಂದು ಕಡೆ; ಹೆತ್ತ ಮಗುವನ್ನೇ ಬಿಟ್ಟವಳು ಬೇರೆಯವರ ಮಕ್ಕಳಿಗೇನು ಮಾಡಿಯಾಳು ಎಂದು ಜರೆಯುವವರು ಇನ್ನೊಂದು ಕಡೆ. ಅಂದಿನ ಸೈನ್ಯದಲ್ಲಿ ಪತ್ನಿಯ ಮುಂದಿದ್ದ ಆಯ್ಕೆಗಳಾದರೂ ಯಾವುವು? ಅಧಿಕಾರಿಯ ಹೆಂಡತಿಗಾದರೋ ಜೊತೆಗೆ ಹೋಗುವ ಅನುಕೂಲವಿತ್ತು. ಸಾಮಾನ್ಯ ಸಿಪಾಯಿಯ ಹೆಂಡತಿಗೆ ಅದೂ ಇರಲಿಲ್ಲ. ಪ್ರತಿ ದಳದಲ್ಲಿ ಕೆಲವೇ ಹೆಂಗಸರಿಗೆ ಅನುಮತಿ. ಯಾರು ಹೋಗಬೇಕೆಂಬುದನ್ನು ಹಡಗು ಹೊರಡುವ ಮುನ್ನ ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಚೀಟಿ ಒಲಿಯದವಳು ಮಕ್ಕಳೊಡನೆ ಬಂದರಿನಲ್ಲೇ ಉಳಿಯಬೇಕು, ಗಂಡನ ಮುಖವನ್ನು ಮತ್ತೆ ಕಾಣುವ ಭರವಸೆ ಇಲ್ಲ. ಒಲಿದವಳಿಗೆ ಬ್ಯಾರಕ್ಕಿನ ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಮಂಚ. ಇಲ್ಲಿ ಬಂದ ಮೇಲೆ ಗಂಡ ಕಾಲರಕ್ಕೋ ಜ್ವರಕ್ಕೋ ತುತ್ತಾದರೆ ಕೆಲವೇ ತಿಂಗಳಲ್ಲಿ ಇನ್ನೊಬ್ಬ ಸಿಪಾಯಿಯನ್ನು ಮದುವೆಯಾಗಬೇಕು, ಇಲ್ಲವೆ ಅನ್ನದ ದಾರಿ ತಪ್ಪುತ್ತದೆ. ಹೀಗೆ ಎರಡು ಮೂರು ಮನೆಗಳನ್ನು ಕಂಡ ತಾಯಂದಿರ ಮಕ್ಕಳು, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು, ಭಾರತೀಯ ತಾಯಂದಿರಿಗೆ ಹುಟ್ಟಿ ದಳ ಹೊರಟುಹೋದಾಗ ಹಿಂದೆ ಉಳಿದ ಮಕ್ಕಳು ದಂಡಿನ ಬೀದಿಗಳಲ್ಲಿ ಬೆಳೆಯುತ್ತಿದ್ದರು. ಸೈನ್ಯದ ಲೆಕ್ಕದಲ್ಲಿ ಕುದುರೆಗಳಿಗೆ ಇದ್ದಷ್ಟು ಸ್ಪಷ್ಟವಾದ ಕಲಮು ಅವರಿಗೆ ಇರಲಿಲ್ಲ.

ಶೆರ್‌ವುಡ್‌ರು ನೋಡಿದ್ದು ಈ ಮಕ್ಕಳನ್ನು. ಬಿಹಾರದ ದಾನಾಪುರದಲ್ಲಿ ದಳ ಬೀಡುಬಿಟ್ಟಾಗ ತಮ್ಮ ವಾಸದ ಮನೆಯಲ್ಲೇ ಶಾಲೆ ತೆರೆದರು. ಮೊದಲು ಹದಿಮೂರು ಮಂದಿ. ಬೇಗನೆ ಅದು ನಲವತ್ತು ದಾಟಿತು. ಓದು ಬಾರದ ಕೆಲವು ಸಿಪಾಯಿಗಳೂ ಬಂದು ಕುಳಿತರು. ದಳ ಬಹರಾಂಪುರಕ್ಕೆ, ಕಾನಪುರಕ್ಕೆ, ಮೀರತ್ತಿಗೆ ಹೋದಂತೆ ಶಾಲೆಯೂ ಹೋಯಿತು. ಪ್ರತಿ ದಳಕ್ಕೂ ಒಬ್ಬ ಶಾಲಾ ಸಾರ್ಜೆಂಟ್ ಇರಬೇಕೆಂಬ ಆಜ್ಞೆಯನ್ನು ಬ್ರಿಟಿಷ್ ಸೈನ್ಯ ಹೊರಡಿಸಿದ್ದು 1812ರ ಸುಮಾರಿಗೆ. ಈ ತಾಯಿ ಅದಕ್ಕಿಂತ ಐದಾರು ವರ್ಷ ಮುಂಚೆಯೇ, ಯಾರ ಆಜ್ಞೆಗೂ ಕಾಯದೆ, ಆ ಕೆಲಸವನ್ನು ಆರಂಭಿಸಿದ್ದರು.

ಈ ಕಾಲದಲ್ಲಿ ಅವರ ಸ್ವಂತ ಮನೆಯ ಸ್ಥಿತಿ ಏನಿತ್ತು? ಭಾರತದಲ್ಲಿ ಅವರು ಆರು ಮಕ್ಕಳನ್ನು ಹೆತ್ತರು. 1805ರಲ್ಲಿ ಹುಟ್ಟಿದ ಹೆನ್ರಿ 1807ರಲ್ಲಿ ನಾಯಿಕೆಮ್ಮಿನಿಂದ ತೀರಿಕೊಂಡ. ಅದೇ ವರ್ಷ ಹುಟ್ಟಿದ ಲೂಸಿ ಮರುವರ್ಷ ಹೋದಳು. ಎರಡು ವರ್ಷಗಳ ಒಳಗೆ ಎರಡು ಶಿಶುಗಳನ್ನು ಮಣ್ಣಿಗೊಪ್ಪಿಸಿದ ಅದೇ ಅವಧಿಯಲ್ಲಿ ಆಕೆ ಬೇರೆಯವರ ಎರಡು ಮಕ್ಕಳನ್ನು ಮನೆಗೆ ತಂದುಕೊಂಡರು. 1807ರಲ್ಲಿ ಬಂದದ್ದು ಮೂರು ವರ್ಷದ ಮಗು. ಔಷಧವೆಂದು ಅದಕ್ಕೆ ಮಿತಿಮೀರಿ ಜಿನ್ ಕುಡಿಸಲಾಗಿತ್ತು. 1808ರಲ್ಲಿ ಬಂದದ್ದು ಹೊಟ್ಟೆಗಿಲ್ಲದೆ ಸೊರಗಿದ ಎರಡು ವರ್ಷದ ಮಗು. ತಾವು ಇಟ್ಟುಕೊಳ್ಳಲಾಗದ ಮಕ್ಕಳಿಗೆ ಬೇರೆ ಮನೆಗಳನ್ನು ಹುಡುಕಿದರು, ಮುಂದೆ ಅನಾಥಾಲಯವನ್ನೂ ಸ್ಥಾಪಿಸಿದರು. ಪರ್ಷಿಯನ್ ಭಾಷಾಂತರಕ್ಕೆ ಹೆಸರಾದ ಪಾದ್ರಿ ಹೆನ್ರಿ ಮಾರ್ಟಿನ್, ಮುಂದೆ 1835ರಲ್ಲಿ ಮದ್ರಾಸಿನ ಮೊದಲ ಬಿಷಪರಾದ ಡೇನಿಯಲ್ ಕೋರಿ, ಇವರಿಬ್ಬರೂ ಆ ದಿನಗಳಲ್ಲಿ ಆ ಮನೆಯ ಆಪ್ತರು. ಸಭೆಯ ಇತಿಹಾಸಕಾರರು ಈ ಇಬ್ಬರು ಮಹನೀಯರ ಸಲುವಾಗಿ ಶೆರ್‌ವುಡ್‌ರ ಮನೆಯನ್ನು ಪ್ರಸ್ತಾಪಿಸುತ್ತಾರೆ. ಜಿನ್ ಕುಡಿದ ಮಗುವಿನ ಸಲುವಾಗಿ ಅಲ್ಲ.

ಇಂಗ್ಲೆಂಡಿನಿಂದ ತಂದ ಪಾಠಪುಸ್ತಕಗಳು ಈ ಮಕ್ಕಳಿಗೆ ಹಿಡಿಸುವುದಿಲ್ಲವೆಂಬುದು ಆಕೆಗೆ ಬೇಗನೆ ತಿಳಿಯಿತು. ಹಿಮವನ್ನು ಕಾಣದ, ಹುಲ್ಲುಗಾವಲನ್ನು ಅರಿಯದ, ಮನೆಯಾಳುಗಳ ಹಿಂದುಸ್ತಾನಿಯನ್ನೇ ಆಡುವ ಮಗುವಿಗೆ ಇಂಗ್ಲಿಷ್ ಹಳ್ಳಿಯ ಕಥೆ ಏನು ರುಚಿಸೀತು? ಆದುದರಿಂದ ದಂಡಿನ ಬದುಕನ್ನೇ ಕಥೆಯಾಗಿಸಿ ತಾವೇ ಬರೆಯತೊಡಗಿದರು. ಸಾರ್ಜೆಂಟನೊಬ್ಬನ, ಅವನ ಮಗಳ ಮತ್ತು ಮೇರಿ ಎಂಬ ಅನಾಥೆಯ ಕಥೆ ಹೀಗೆ ಹುಟ್ಟಿತು. ಎದುರಿಗಿರುವ ಮಗುವಿನ ಭಾಷೆ, ಅದರ ಅಂಗಳ, ಅದರ ಊಟ, ಅದರ ಭಯ ಇವುಗಳಿಂದ ಪಾಠವನ್ನು ಕಟ್ಟಬೇಕೆಂಬ ತತ್ತ್ವವನ್ನು ಇಂದು ಶಿಕ್ಷಣಶಾಸ್ತ್ರದ ಕಾಲೇಜುಗಳಲ್ಲಿ ದೊಡ್ಡ ಹೆಸರುಗಳನ್ನಿಟ್ಟು ಬೋಧಿಸುತ್ತಾರೆ. ಕಾನಪುರದ ಬಿಸಿಲಿನಲ್ಲಿ ಪೇಮಾಸ್ಟರನ ಹೆಂಡತಿಯೊಬ್ಬಳು ಅದನ್ನು ನಡೆಸಿ ತೋರಿಸಿದ್ದಳು.

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳದಿದ್ದರೆ ನಾನು ಟೀಕಿಸುವ ಶ್ರದ್ಧಾಂಜಲಿಗಳಿಗೂ ಈ ಲೇಖನಕ್ಕೂ ಭೇದವಿರದು. 1814ರಲ್ಲಿ ಪ್ರಕಟವಾದ ಅವರ ಅತ್ಯಂತ ಪ್ರಸಿದ್ಧ ಕಥೆ ‘ಪುಟ್ಟ ಹೆನ್ರಿ ಮತ್ತು ಅವನ ಬೇರರ್’. ಬೇರರ್ ಎಂದರೆ ಆ ಕಾಲದ ಆಂಗ್ಲ ಮನೆಗಳಲ್ಲಿ ಮಗುವನ್ನು ಎತ್ತಿ ಆಡಿಸುತ್ತಿದ್ದ ಸೇವಕ. ಕಥೆಯಲ್ಲಿ ಅವನ ಹೆಸರು ಬೂಸಿ. ತಂದೆತಾಯಿ ಸತ್ತ ಹೆನ್ರಿಯನ್ನು ಶ್ರೀಮಂತ ಮಹಿಳೆಯೊಬ್ಬಳು ಸಾಕಲು ತೆಗೆದುಕೊಂಡರೂ ಅವನನ್ನು ನಿಜವಾಗಿ ಸಾಕುವವನು ಬೂಸಿ. ಮಗುವಿಗೆ ಬರುವ ಮಾತು ಬೂಸಿಯ ಮಾತು. ಆ ಮೇಲೆ ಪಾದ್ರಿಯ ಮಗಳೊಬ್ಬಳು ಬಂದು ಹುಡುಗನಿಗೆ ಬೈಬಲ್ ಕಲಿಸುತ್ತಾಳೆ; ಹುಡುಗ ಬೂಸಿಗೆ ಬೋಧಿಸುತ್ತಾನೆ; ಎಂಟು ವರ್ಷ ದಾಟುತ್ತಲೇ ತೀರಿಕೊಳ್ಳುತ್ತಾನೆ; ಬೂಸಿ ಕ್ರೈಸ್ತನಾಗುತ್ತಾನೆ. ಈ ಕಥೆ ಅಸಂಖ್ಯ ಮುದ್ರಣಗಳನ್ನು ಕಂಡು ಹಲವು ಭಾಷೆಗಳಿಗೆ ಹೋಯಿತು. ಲೇಖಕಿಯ ಕಣ್ಣು ಬೂಸಿಯ ಪ್ರೀತಿಯನ್ನು ಕಂಡಿದೆ, ಅದನ್ನು ಬಣ್ಣಿಸಿಯೂ ಇದೆ. ಆದರೆ ಕಥೆಯ ತೀರ್ಪಿನಲ್ಲಿ ಬೂಸಿ ಕತ್ತಲೆಯವನು, ಹುಡುಗ ಬೆಳಕಿನವನು. ಮಗುವಿನ ಮಲಮೂತ್ರ ಬಳಿದ ಕೈಗೆ ಸುವಾರ್ತೆಯ ಅರ್ಥ ಕೊಂಚವೂ ತಿಳಿದಿರಲಿಲ್ಲವೆಂದು ಬಗೆಯುವುದು ಯಾವ ದೈವಶಾಸ್ತ್ರ? ಗಾಯಗೊಂಡವನನ್ನು ಎತ್ತಿಕೊಂಡ ಸಮಾರ್ಯದವನ ಸಾಮ್ಯವನ್ನು ಹೇಳಿದ ಗುರುವಿನ ಶಿಷ್ಯರು ಹೀಗೆ ಬಗೆಯಬಹುದೆ? ‘ಭಾರತೀಯ ಯಾತ್ರಿಕ’ ಎಂಬ ಪುಸ್ತಕದಲ್ಲಿ ಬನಿಯನ್‌ನ ಯಾತ್ರಿಕನ ಕಥೆಯನ್ನು ಈ ನೆಲಕ್ಕೆ ಅಳವಡಿಸುವಾಗಲೂ ನಮ್ಮ ಪೂರ್ವಿಕರ ಧರ್ಮಗಳಲ್ಲಿ ಅವರಿಗೆ ವಂಚನೆಯಲ್ಲದೆ ಮತ್ತೇನೂ ಕಾಣಲಿಲ್ಲ.

ಮನೆಯೊಳಗಿನ ಇನ್ನೊಂದು ಅನ್ಯಾಯವನ್ನೂ ಮುಚ್ಚಿಡಬಾರದು. ಆ ಕಾಲದ ಆಂಗ್ಲ ಮನೆಗಳಲ್ಲಿ ಶಿಶುಗಳಿಗೆ ಮೊಲೆಯೂಡಿಸಲು ಭಾರತೀಯ ದಾಯಿಯರನ್ನು ನೇಮಿಸುವ ರೂಢಿಯಿತ್ತು. ದೊರೆಯ ಮಗು ಕೊಬ್ಬಿ ಬೆಳೆಯುವಾಗ ದಾಯಿಯ ಸ್ವಂತ ಕೂಸು ಕೇರಿಯಲ್ಲಿ ಹಾಲಿಲ್ಲದೆ ಬಾಡುತ್ತಿತ್ತು. ಆಂಗ್ಲ ತಾಯಂದಿರ ಶಿಶುಮರಣದ ದುಃಖವನ್ನು ಹೇಳುವ ಗೋರಿಕಲ್ಲುಗಳು ನೂರಾರಿವೆ. ಆ ಕೂಸುಗಳಿಗೆ ಒಂದೂ ಇಲ್ಲ.

1816ರಲ್ಲಿ ಮಕ್ಕಳ ಆರೋಗ್ಯದ ಸಲುವಾಗಿ ದಂಪತಿಗಳು ಇಂಗ್ಲೆಂಡಿಗೆ ಮರಳಿದರು. ಜೀವನೋಪಾಯಕ್ಕೆ ಹೆಣ್ಣುಮಕ್ಕಳ ವಸತಿಶಾಲೆ, ಜೊತೆಗೆ ಬಿಡದ ಬರವಣಿಗೆ. ಒಟ್ಟು ನಾಲ್ಕು ನೂರಕ್ಕೂ ಮಿಕ್ಕಿ ಪುಸ್ತಕ, ಕಿರುಹೊತ್ತಗೆಗಳು! 1818ರಲ್ಲಿ ಬಂದ ‘ಫೇರ್‌ಚೈಲ್ಡ್ ಕುಟುಂಬದ ಚರಿತ್ರೆ’ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಅದರಲ್ಲಿ ಒಂದು ದೃಶ್ಯವಿದೆ. ಒಡಹುಟ್ಟಿದ ಮಕ್ಕಳು ಜಗಳವಾಡುತ್ತಾರೆ. ಅಪ್ಪ ಅವರನ್ನು ಕಾಡಿನ ಬಳಿಗೆ ಕರೆದೊಯ್ದು, ಅಣ್ಣತಮ್ಮಂದಿರ ದ್ವೇಷದಿಂದ ಕೊಲೆಗಾರನಾದವನ ಹೆಣವು ಸರಪಳಿಯಲ್ಲಿ ತೂಗುತ್ತಿರುವ ಗಲ್ಲುಮರದ ಕೆಳಗೆ ಕೂರಿಸಿ ಪ್ರೀತಿಯ ಪಾಠ ಹೇಳುತ್ತಾನೆ! ಮುಂದಿನ ಸಂಪಾದಕರು ಈ ದೃಶ್ಯವನ್ನು ಕಿತ್ತುಹಾಕಿದ್ದುಂಟು. ಆದರೂ ಎರಡು ಮೂರು ತಲೆಮಾರುಗಳ ಕ್ರೈಸ್ತ ಮಕ್ಕಳು ರಾತ್ರಿ ನಿದ್ದೆಗೆಡಲು ಅಷ್ಟು ಸಾಕಾಗಿತ್ತು.

ನನ್ನ ವಾದ ಇದು. ಜಗತ್ತಿನ ಸಭೆ ಈ ಸ್ತ್ರೀಯಿಂದ ಗಲ್ಲುಮರವನ್ನು ಆರಿಸಿಕೊಂಡಿತು, ದಾನಾಪುರದ ಶಾಲೆಯನ್ನು ಬಿಟ್ಟಿತು. ಆ ಅಚ್ಚಿನಲ್ಲಿ ಎರಕ ಹೊಯ್ದ ಕಥೆಗಳು ನಮ್ಮ ರವಿವಾರ ಶಾಲೆಗಳಿಗೂ ಬಂದವು, ಕೆಲವೆಡೆ ಇನ್ನೂ ಇವೆ. ಸುಳ್ಳು ಹೇಳಿದ ಹುಡುಗ ಲಾರಿಯ ಕೆಳಗೆ ಬಿದ್ದ ಕಥೆ. ಪ್ರಾರ್ಥನೆ ತಪ್ಪಿಸಿದ ಹುಡುಗಿಗೆ ಅದೇ ರಾತ್ರಿ ಜ್ವರ ಬಂದ ಕಥೆ. ಹಾಸಿಗೆ ಹಿಡಿದ ಭಕ್ತ ಬಾಲಕನು ಸಾಯುತ್ತ ಮನೆಗೆಲಸದವಳನ್ನು ತಿದ್ದಿದ ಕಥೆ. ಫ್ಲಾನೆಲ್ ಹಲಗೆಯ ಮೇಲೆ ಉರಿಯುವ ಬೆಂಕಿಯ ಚಿತ್ರ ಅಂಟಿಸಿ ಐದು ವರ್ಷದ ಮಗುವಿಗೆ ನರಕವನ್ನು ತೋರಿಸುವ ಉತ್ಸಾಹಿ ಉಪಾಧ್ಯಾಯರು ತಾವು ಬಹಳ ಆತ್ಮಿಕ ಸೇವೆ ಮಾಡುತ್ತಿದ್ದೇವೆಂದು ತಿಳಿದಿದ್ದಾರೆ. ಅವರಿಗೆ ಹೇಳಬೇಕಾದ ಸಂಗತಿಯೊಂದಿದೆ. ಆ ಗಲ್ಲುಮರವನ್ನು ಬರೆದ ಸ್ತ್ರೀಯೇ ಅಲ್ಲಿ ನಿಲ್ಲಲಿಲ್ಲ. ಅದೇ ಪುಸ್ತಕದ ಎರಡನೆಯ ಭಾಗ 1842ರಲ್ಲಿ, ಮೂರನೆಯದು 1847ರಲ್ಲಿ ಬಂದಾಗ ಧ್ವನಿ ಮೃದುವಾಗಿತ್ತು. ಅಷ್ಟರಲ್ಲಿ ಎಮಿಲಿ, ಇನ್ನೊಬ್ಬ ಲೂಸಿ ಎಂಬ ಬೆಳೆದ ಹೆಣ್ಣುಮಕ್ಕಳಿಬ್ಬರನ್ನೂ ಆಕೆ ಕಳೆದುಕೊಂಡಿದ್ದರು. ಮನುಷ್ಯನ ಪಾಪವನ್ನು ಕುರಿತ ಹಳೆಯ ಕಟ್ಟುನಿಟ್ಟಿನ ಮಾತುಗಳಿಂದ ದೂರ ಸರಿದು ದೇವರ ಕರುಣೆಯ ವಿಸ್ತಾರವನ್ನು ಕುರಿತು ಯೋಚಿಸತೊಡಗಿದ್ದರು. ದೀರ್ಘಾಯುಷ್ಯದ ಪ್ರಯೋಜನವೇ ಅದು ತಾನೆ? ಎಪ್ಪತ್ತು ದಾಟಿದ ಅಜ್ಜಿ ಬದಲಾದರು. ಅವರ ನಲವತ್ತರ ಹರೆಯದ ಪುಸ್ತಕವನ್ನು ಹಿಡಿದುಕೊಂಡ ನಾವು ಬದಲಾಗಲಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಹಿರಿಯರಾದ ಕೆಲವರು ಹೇಳುತ್ತಾರೆ: ನಮಗೆ ಅಕ್ಷರ ಕೊಟ್ಟ, ಔಷಧ ಕೊಟ್ಟ ದೊರೆಸಾನಿಗಳ ತಪ್ಪುಗಳನ್ನು ಎಣಿಸುವುದು ಕೃತಘ್ನತೆ. ಉಪಕಾರವನ್ನು ನೆನೆಯಲು ಉಪಕಾರಿಯನ್ನು ದೇವದೂತೆಯಾಗಿಸಬೇಕೆಂಬ ನಿಯಮ ಎಲ್ಲಿದೆ? ಪವಿತ್ರ ಗ್ರಂಥ ದಾವೀದನನ್ನೂ ಪೇತ್ರನನ್ನೂ ಹಾಗೆ ನೆನೆಯಲಿಲ್ಲ. ತರುಣರಾದ ಇನ್ನು ಕೆಲವರು ಬಲು ಸಲೀಸಾಗಿ ಹೇಳುತ್ತಾರೆ: ಆಕೆ ಆಳುವವರ ಮನೆಯ ಹೆಂಗಸು, ವಸಾಹತುಶಾಹಿಯ ಉಪಕರಣ, ನಮಗೇಕೆ ಅವಳ ಗೊಡವೆ? ಹಾಗಿದ್ದರೆ ಮೂರು ವರ್ಷದ ಆ ಮಗು ಯಾವ ಸಾಮ್ರಾಜ್ಯವನ್ನು ಆಳುತ್ತಿತ್ತು? ಸಾಮ್ರಾಜ್ಯ ತನ್ನ ಬಡ ಬಿಳಿಯರನ್ನೂ ಅರೆಬಿಳಿಯರನ್ನೂ ಕಸದಂತೆ ಗುಡಿಸಿಹಾಕಿದ ಮೂಲೆಗೆ ಆಕೆ ಕಾಲಿಟ್ಟರು. ಸಾಮ್ರಾಜ್ಯದ ಮೇಲಿನ ಸಿಟ್ಟು ಆ ಮೂಲೆಯನ್ನು ನೋಡಲು ಅಡ್ಡಿಯಾಗುವುದಾದರೆ ಅದು ಓದಿನಿಂದ ಬಂದ ಸಿಟ್ಟಲ್ಲ.

ನಮ್ಮ ಮೂಲೆ ಯಾವುದು? ಕನ್ನೊಳ್ಳಿಯಿಂದ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಊರೂರುಗಳಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳನ್ನು ಅರಿಯದವರು ಇಲ್ಲಿ ಯಾರಿದ್ದಾರೆ? ಪುಣೆ, ಮುಂಬಯಿ, ಗೋವಾ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ, ಕಬ್ಬು ಕಡಿಯುವ ಗ್ಯಾಂಗುಗಳಿಗೆ ಗಂಡಹೆಂಡಿರು ಹೊರಟರೆ ಮಕ್ಕಳು ಒಂದೋ ತಾಯಿಯ ಬೆನ್ನಿಗೆ, ಇಲ್ಲವೆ ಮುದುಕಿ ಅಜ್ಜಿಯ ಪಾಲಿಗೆ. 1805ರಲ್ಲಿ ಹಡಗು ಹತ್ತಿದ ತಾಯಿಯ ಮುಂದಿದ್ದ ಆಯ್ಕೆಯೇ ಇವರ ಮುಂದೆಯೂ ಇದೆ, ಆದರೆ ಇವರಲ್ಲಿ ಯಾರೂ ಕ್ಯಾಪ್ಟನನ ಪತ್ನಿಯಲ್ಲ. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಸರಕಾರದ ಟೆಂಟ್ ಶಾಲೆಗಳ ಪ್ರಯತ್ನಗಳೂ ಉಂಟು. ಕಾಯಿದೆಯ ಕೈಗೆ ಸಿಗದಷ್ಟು ವೇಗವಾಗಿ ಈ ಮಕ್ಕಳು ಊರು ಬದಲಿಸುತ್ತಾರೆ. ದಳದೊಡನೆ ಶಾಲೆಯೂ ನಡೆಯಬೇಕೆಂದು ಕಂಡುಕೊಂಡ ಸ್ತ್ರೀಯ ಅನುಭವ ಇಲ್ಲಿ ಪ್ರಯೋಜನಕ್ಕೆ ಬಂದೀತು. ನಗರಗಳಲ್ಲಿ ನಮ್ಮವೇ ಸಭೆಗಳಿವೆ, ಅವುಗಳ ಕೋಣೆಗಳು ವಾರದ ಆರು ದಿನ ಬೀಗ ಹಾಕಿಕೊಂಡಿರುತ್ತವೆ. ಊರಿನ ಸಭಾಪಾಲಕರು ಒಂದು ಪತ್ರ ಬರೆದು ಇಂಥ ಕುಟುಂಬ ನಿಮ್ಮ ಬಡಾವಣೆಯ ಇಂಥ ಕಟ್ಟಡದಲ್ಲಿದೆ ಎಂದು ತಿಳಿಸಿದರೆ ಆ ಬೀಗ ತೆಗೆಯುವುದು ಕಷ್ಟವೇ? ಆ ಕುಟುಂಬ ಕ್ರೈಸ್ತರದೇ ಆಗಿರಬೇಕೆಂದೇನೂ ಇಲ್ಲ. ಮಗುವಿಗೆ ಅಕ್ಷರ ಕಲಿಸುವ ಮುನ್ನ ಬೂಸಿಯ ಮತವನ್ನು ವಿಚಾರಿಸುವ ಚಪಲವನ್ನು ನಾವು ಶೆರ್‌ವುಡ್‌ರ ಬಳಿಯೇ ಬಿಟ್ಟುಬರೋಣ.

1849ರಲ್ಲಿ ಪತಿ ತೀರಿಕೊಂಡರು. ಎರಡು ವರ್ಷದ ಬಳಿಕ, 1851ರ ಸೆಪ್ಟೆಂಬರಿನಲ್ಲಿ, ಲಂಡನ್ ಬಳಿಯ ಟ್ವಿಕೆನ್‌ಹ್ಯಾಮ್‌ನಲ್ಲಿ ಆಕೆ ಕಣ್ಣುಮುಚ್ಚಿದರು. ಭಾರತದಲ್ಲಿ ಹುಟ್ಟಿದ ಕೊನೆಯ ಮಗಳು ಸೋಫಿಯಾ ತಾಯಿಯ ಬರಹಗಳನ್ನು ಹೊಂದಿಸಿ 1854ರಲ್ಲಿ ಜೀವನಚರಿತ್ರೆಯನ್ನು ಹೊರತಂದರು. ಅಷ್ಟು ಬರೆದಿಟ್ಟ ತಾಯಿ ನಮ್ಮಲ್ಲಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಸಭಾಪಾಲಕರಲ್ಲಿಯೂ ಸ್ತ್ರೀಸಂಘದ ಕಾರ್ಯದರ್ಶಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ನಿಮ್ಮ ಸಭೆಯಲ್ಲಿ ಎಂಬತ್ತು ದಾಟಿದ ತಾಯಂದಿರಿದ್ದರೆ, ಅವರು ಬದುಕಿರುವಾಗಲೇ, ಒಂದು ಮಧ್ಯಾಹ್ನ ಕಾಗದ ಪೆನ್ನು ಹಿಡಿದು ಅವರ ಮನೆಗೆ ಹೋಗಿ. ಯಾರ ಮಗಳು, ಯಾರ ಹೆಂಡತಿ ಎಂಬುದನ್ನು ಕಡೆಗೆ ಕೇಳಿ. ಎಷ್ಟು ಮಕ್ಕಳಿಗೆ ಅನ್ನವಿಕ್ಕಿದಿರಿ, ಯಾರ ಬಾಣಂತನ ಮಾಡಿದಿರಿ, ಯಾವ ಬರಗಾಲದಲ್ಲಿ ಯಾವ ಊರಿಗೆ ಹೋಗಿದ್ದಿರಿ, ಯಾರಿಗೆ ಓದು ಕಲಿಸಿದಿರಿ, ಯಾವ ಕೂಸನ್ನು ಕಳೆದುಕೊಂಡಿರಿ, ಅದರ ಹೆಸರೇನಿತ್ತು ಎಂದು ಮೊದಲು ಕೇಳಿ. ಯಾರ ಮನಸ್ಸನ್ನಾದರೂ ನೋಯಿಸಿದ್ದುಂಟೇ ಎಂದು ಕೇಳಿದರೂ ತಪ್ಪಿಲ್ಲ; ಆ ವಯಸ್ಸಿನವರು ಅದನ್ನು ಹೇಳಲು ನಮ್ಮಷ್ಟು ಹಿಂಜರಿಯುವುದಿಲ್ಲ. ಬರೆದುದನ್ನು ಸಭೆಯ ದಫ್ತರದಲ್ಲಿ ಇಡಿ.